ಚಂದ್ರಿಯ 258 ದಿನ: ಸ್ನೇಹಲತಾ ರೆಡ್ಡಿ ಯಾರು, ಅವರಿಗೆ ಏನಾಯ್ತು?

ಮಡಿಕೇರಿಯಿಂದ ಮಾತಾಡ್ತಾ ಇದ್ದೀನಿ. ಹೊರಗೆ ಮಳೆ ಜೋರಾಗಿದೆ, ಮಧ್ಯೆ ಮಧ್ಯೆ ಶೀಟಿನ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ.

ಕಳೆದ ಎಪಿಸೋಡ್‌ನಲ್ಲಿ ಬ್ರಿಟನ್ನಿನ ನಟಿ ಗ್ಲೆಂಡಾ ಜಾಕ್ಸನ್ ಬಗ್ಗೆ ಮಾತಾಡಿದ್ವಿ. ಎರಡು ಆಸ್ಕರ್ ಗೆದ್ದು, ನಟನೆ ಬಿಟ್ಟು, 1992ರಿಂದ 2015ರವರೆಗೆ ಲೇಬರ್ ಪಕ್ಷದ ಸಂಸದೆಯಾಗಿದ್ದವರು. ಇರಾಕ್ ಯುದ್ಧದ ವಿಷಯದಲ್ಲಿ ಸ್ವಂತ ಪಕ್ಷದ ಪ್ರಧಾನಿಯನ್ನೇ ವಿರೋಧಿಸಿದವರು. ಆಮೇಲೆ 80ನೇ ವಯಸ್ಸಿನಲ್ಲಿ ರಂಗಕ್ಕೆ ವಾಪಸ್ ಬಂದು ಕಿಂಗ್ ಲಿಯರ್ ಪಾತ್ರ ಮಾಡಿದವರು. ಅದನ್ನ ಕೇಳಿ ಒಬ್ಬರು ಮೆಸೇಜ್ ಹಾಕಿದ್ರು: "ನಮ್ಮ ಕಡೆ ಇಂಥ ನಟಿ ಯಾರೂ ಇರ್ಲಿಲ್ವಾ?"

ಇದ್ರು. ಆದರೆ ಅವರಿಗೆ 80 ವರ್ಷ ಸಿಗಲಿಲ್ಲ. 45 ಕೂಡ ಸಿಗಲಿಲ್ಲ. ಹೆಸರು ಸ್ನೇಹಲತಾ ರೆಡ್ಡಿ.

ಮೊದಲು ಸಿನಿಮಾ

ಸ್ನೇಹಲತಾ ಹುಟ್ಟಿದ್ದು 1932ರಲ್ಲಿ, ಆಂಧ್ರ ಮೂಲದ ಕ್ರೈಸ್ತ ಕುಟುಂಬದಲ್ಲಿ. ಭರತನಾಟ್ಯ ಕಲಿತರು. ಮದ್ರಾಸಿನಲ್ಲಿ 'ಮದ್ರಾಸ್ ಪ್ಲೇಯರ್ಸ್' ಅನ್ನೋ ಇಂಗ್ಲಿಷ್ ನಾಟಕ ತಂಡ ಕಟ್ಟಿದವರಲ್ಲಿ ಅವರೂ ಒಬ್ಬರು. ಗಂಡ ಪಟ್ಟಾಭಿರಾಮ ರೆಡ್ಡಿ, ತೆಲುಗು ಕವಿ, ಸಿನಿಮಾ ನಿರ್ದೇಶಕ. ಇಬ್ಬರೂ ರಾಮಮನೋಹರ ಲೋಹಿಯಾ ಅವರ ಸಮಾಜವಾದದ ಕಡೆಯವರು. ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದರು.

1970ರಲ್ಲಿ ಪಟ್ಟಾಭಿ ಅವರು ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು ಸಿನಿಮಾ ಮಾಡಿದರು. ಪ್ರಾಣೇಶಾಚಾರ್ಯ ಆಗಿ ಗಿರೀಶ್ ಕಾರ್ನಾಡ್, ನಾರಣಪ್ಪ ಆಗಿ ಪಿ. ಲಂಕೇಶ್, ಚಂದ್ರಿ ಆಗಿ ಸ್ನೇಹಲತಾ. ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸಾಯ್ತಾನೆ. ಅವನ ಶವಸಂಸ್ಕಾರ ಮಾಡಬಹುದಾ ಬೇಡವಾ, ಮಾಡೋದಾದ್ರೆ ಯಾರು ಮಾಡಬೇಕು ಅಂತ ಗಂಡಸರೆಲ್ಲ ಶಾಸ್ತ್ರ ಹುಡುಕ್ತಾ ಕೂರ್ತಾರೆ. ಹೆಣ ಮನೇಲೇ ಬಿದ್ದಿರುತ್ತೆ. ಅವನ ಜೊತೆ ಬಾಳಿದ ಚಂದ್ರಿ ತನ್ನ ಮೈಮೇಲಿನ ಒಡವೆ ಬಿಚ್ಚಿ ಕೊಡ್ತಾಳೆ. ಅದೂ ಆಗದಿದ್ದಾಗ, ಯಾರ ಅಪ್ಪಣೆಗೂ ಕಾಯದೆ, ಹೊರಗಿನವರ ಸಹಾಯ ತಗೊಂಡು ರಾತ್ರೋರಾತ್ರಿ ಸಂಸ್ಕಾರ ಮುಗಿಸಿಬಿಡ್ತಾಳೆ.

ಸಿನಿಮಾವನ್ನ ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು. ಆಮೇಲೆ ಕೇಂದ್ರದ ಮಟ್ಟದಲ್ಲಿ ಅನುಮತಿ ಸಿಕ್ಕಿತು. ಕೊನೆಗೆ ಅದೇ ಸಿನಿಮಾಕ್ಕೆ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು.

ಆಮೇಲೆ ಎಮರ್ಜೆನ್ಸಿ

1975ರ ಜೂನ್ 25ರ ರಾತ್ರಿ ಇಂದಿರಾ ಗಾಂಧಿ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. ವಿರೋಧ ಪಕ್ಷದವರು ಜೈಲಿಗೆ ಹೋದರು, ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಮಂಗಳೂರು ಮೂಲದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಭೂಗತರಾದರು. ರೆಡ್ಡಿ ದಂಪತಿ ಅವರ ಸ್ನೇಹಿತರು, ಎಮರ್ಜೆನ್ಸಿ ವಿರುದ್ಧದ ಕೆಲಸದಲ್ಲಿದ್ದವರು.

ಜಾರ್ಜ್ ಗುಂಪು ಡೈನಮೈಟ್ ಸಂಗ್ರಹಿಸಿ ಸರ್ಕಾರಿ ಆಸ್ತಿ, ರೈಲು ಹಳಿ ಸ್ಫೋಟಿಸೋಕೆ ಸಂಚು ಮಾಡಿದೆ ಅನ್ನೋದು ಸರ್ಕಾರದ ಆರೋಪ. ಇದೇ 'ಬರೋಡಾ ಡೈನಮೈಟ್ ಪ್ರಕರಣ'. ಜಾರ್ಜ್ ಎಲ್ಲಿದ್ದಾರೆ ಅಂತ ಹುಡುಕ್ತಾ ಪೊಲೀಸರು 1976ರ ಮೇ 1ರಂದು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್‌ರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಮಾರನೇ ದಿನ, ಮೇ 2ರಂದು, ಸ್ನೇಹಲತಾ ಅವರನ್ನು ಬಂಧಿಸಿದರು. ಮೊದಲು ಸಂಚಿನ ಆರೋಪ, ಆಮೇಲೆ ಮೀಸಾ.

ಮೀಸಾ ಅಂದ್ರೆ ಏನು?

ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಇವತ್ತಿನ ಎಪಿಸೋಡ್‌ನ ತಿರುಳೇ ಇದು.

ಸಾಮಾನ್ಯವಾಗಿ ಪೊಲೀಸರು ಯಾರನ್ನಾದ್ರೂ ಹಿಡಿದ್ರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಚಾರ್ಜ್‌ಶೀಟ್ ಹಾಕಬೇಕು. ಜಾಮೀನು ಕೇಳಬಹುದು. ಮೀಸಾ, ಅಂದ್ರೆ 1971ರ ಆಂತರಿಕ ಭದ್ರತಾ ಕಾಯ್ದೆ, ಹಾಗಲ್ಲ. ಅದು ಮುಂಜಾಗ್ರತಾ ಬಂಧನದ ಕಾನೂನು. ನೀವು ತಪ್ಪು ಮಾಡಿದ್ದೀರಿ ಅಂತ ಸಾಬೀತು ಮಾಡಬೇಕಿಲ್ಲ, ಮುಂದೆ ಮಾಡಬಹುದು ಅಂತ ಸರ್ಕಾರಕ್ಕೆ ಅನಿಸಿದರೆ ಸಾಕು. ಎಮರ್ಜೆನ್ಸಿ ಸಮಯದಲ್ಲಿ ಇದನ್ನ ಇನ್ನೂ ಬಿಗಿ ಮಾಡಿದರು. ಬಂಧನಕ್ಕೆ ಕಾರಣ ಏನು ಅಂತ ಬಂಧಿತರಿಗೆ ಹೇಳೋ ಅಗತ್ಯವೂ ಇರಲಿಲ್ಲ.

ಹಾಗಾದ್ರೆ ಕೋರ್ಟ್? ಅಲ್ಲಿ 'ಹೇಬಿಯಸ್ ಕಾರ್ಪಸ್' ಅಂತ ಒಂದು ಅರ್ಜಿ ಇದೆ. "ಈ ಮನುಷ್ಯನನ್ನ ಯಾಕೆ ಹಿಡಿದಿಟ್ಟಿದ್ದೀರಿ, ತೋರಿಸಿ" ಅಂತ ಸರ್ಕಾರವನ್ನ ಕೇಳೋ ಅರ್ಜಿ. ಎಮರ್ಜೆನ್ಸಿಯಲ್ಲೂ ಈ ಅರ್ಜಿ ಹಾಕಬಹುದು ಅಂತ ಕರ್ನಾಟಕವೂ ಸೇರಿ ಹಲವು ಹೈಕೋರ್ಟ್‌ಗಳು ಹೇಳಿದ್ವು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆ ಬಾಗಿಲನ್ನೂ ಮುಚ್ಚಿತು. ಎ.ಡಿ.ಎಂ. ಜಬಲ್ಪುರ ಪ್ರಕರಣ. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಪರ, ಎಚ್.ಆರ್. ಖನ್ನಾ ಒಬ್ಬರೇ ವಿರುದ್ಧ.

ಏಪ್ರಿಲ್ 28. ಸ್ನೇಹಲತಾ ಬಂಧನ ಮೇ 2. ನಡುವೆ ನಾಲ್ಕೇ ದಿನ.

ಜೈಲಿನೊಳಗೆ

ಸ್ನೇಹಲತಾ ಅವರಿಗೆ ಮೊದಲಿಂದಲೂ ಉಬ್ಬಸ ಇತ್ತು. ಇದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಜ್ಜಿಗೂ ಉಬ್ಬಸ. ಮಳೆಗಾಲದಲ್ಲಿ ರಾತ್ರಿ ಎರಡು ಗಂಟೆಗೆ ಅವರು ಎದ್ದು ಕೂತು ಉಸಿರೆಳೆಯೋ ಸದ್ದಿಗೆ ಮನೆಯವರೆಲ್ಲ ಎಚ್ಚರ ಆಗ್ತೀವಿ. ಒಬ್ಬರು ಇನ್ಹೇಲರ್ ಹುಡುಕ್ತಾರೆ, ಇನ್ನೊಬ್ಬರು ಬಿಸಿನೀರು ತರ್ತಾರೆ. ಈಗ ಯೋಚಿಸಿ, ಬೆಂಗಳೂರು ಸೆಂಟ್ರಲ್ ಜೈಲಿನ ಇಕ್ಕಟ್ಟಾದ ಸೆಲ್, ನೆಲದ ಮೇಲೆ ಮಲಗಬೇಕು, ಬಾಗಿಲಿಗೆ ಹೊರಗಿಂದ ಬೀಗ.

ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ, ರಾತ್ರಿಯ ಮೌನದಲ್ಲಿ ಅವರ ಕೂಗು ತಮಗೆ ಕೇಳಿಸ್ತಿತ್ತು ಅಂತ ಆಮೇಲೆ ಬರೆದರು. ಉಬ್ಬಸ ವಿಪರೀತವಾಗಿ ಪ್ರಜ್ಞೆ ತಪ್ಪಿದ್ದೂ ಉಂಟು. ಆದರೂ ಸುಮ್ಮನೆ ಕೂರಲಿಲ್ಲ. ಹೆಣ್ಣು ಕೈದಿಗಳಿಗೆ ಹೊಡೆಯೋದು ನಿಲ್ಲಬೇಕು, ಊಟ ಸರಿಯಾಗಬೇಕು ಅಂತ ಜಗಳ ಆಡಿದರು. ಡೈರಿ ಬರೆದರು. ಅದು ಅವರು ಹೋದ ಮೇಲೆ ಪುಸ್ತಕವಾಯಿತು.

ಲೆಕ್ಕ

ನಾನು ಬಿ.ಕಾಂ. ಓದಿದ್ದು, ಹಾಗಾಗಿ ಲೆಕ್ಕದಲ್ಲೇ ಹೇಳ್ತೀನಿ.

ಬರೋಡಾ ಪ್ರಕರಣದ ಚಾರ್ಜ್‌ಶೀಟ್ ಬಂದಾಗ ಅದರಲ್ಲಿ ಜಾರ್ಜ್ ಮತ್ತು ಇನ್ನೂ 24 ಜನರ ಹೆಸರಿತ್ತು. ಸ್ನೇಹಲತಾ ಹೆಸರು ಇರಲಿಲ್ಲ. ಆದರೂ ಬಿಡಲಿಲ್ಲ. ಸ್ಥಿತಿ ತೀರಾ ಹದಗೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಕೊಟ್ಟರು. ಮೇ 2ರಿಂದ ಅಲ್ಲಿಗೆ 258 ದಿನ. ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. ಮಾರ್ಚ್ 21ಕ್ಕೆ ಎಮರ್ಜೆನ್ಸಿ ಮುಗಿಯಿತು.

"ಅವರು ನಿಜವಾಗಲೂ ಆ ಸಂಚಿನಲ್ಲಿ ಇದ್ರಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆ ಪ್ರಶ್ನೆ ಕೇಳಬೇಕಾದ ಜಾಗ ಕೋರ್ಟ್. 258 ದಿನದಲ್ಲಿ ಅಲ್ಲಿ ಅದನ್ನ ಯಾರೂ ಕೇಳಲೇ ಇಲ್ಲ. ವಿಚಾರಣೆ ಇಲ್ಲದ ಬಂಧನದಲ್ಲಿ ತಪ್ಪಿತಸ್ಥರಿಗೂ ನಿರಪರಾಧಿಗಳಿಗೂ ವ್ಯತ್ಯಾಸವೇ ಇರಲ್ಲ.

ಇದು ನಮಗ್ಯಾಕೆ?

ಜನತಾ ಸರ್ಕಾರ ಬಂದ ಮೇಲೆ ಮೀಸಾ ರದ್ದಾಯಿತು. 1978ರಲ್ಲಿ ಸಂವಿಧಾನದ 44ನೇ ತಿದ್ದುಪಡಿ ಆಯ್ತು. ಎಮರ್ಜೆನ್ಸಿ ಬಂದರೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗೋದನ್ನ ತಡೆಯೋ ಹಾಗಿಲ್ಲ ಅಂತ ಅದು ಹೇಳಿತು. ಜಬಲ್ಪುರ ತೀರ್ಪನ್ನೇ ತಪ್ಪು ಅಂತ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು. ಆ ಕೇಸ್ ಹಾಕಿದವರು ಯಾರು ಗೊತ್ತಾ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದೂ ಅದೇ ತೀರ್ಪು. "ನನ್ನ ಫೋನು, ನನ್ನ ವಿಷಯ" ಅಂತ ಇವತ್ತು ನಾವು ಧೈರ್ಯವಾಗಿ ಹೇಳ್ತೀವಲ್ಲ, ಅದರ ಹಿಂದೆ ಇರೋದು ಈ ತೀರ್ಪು.

ಆದರೆ ಮುಂಜಾಗ್ರತಾ ಬಂಧನ ಅನ್ನೋದು ಪೂರ್ತಿ ಹೋಗಿಲ್ಲ. ಬೇರೆ ಬೇರೆ ಕಾಯ್ದೆಗಳಲ್ಲಿ ಇವತ್ತಿಗೂ ಇದೆ. ಮುಂದಿನ ಸಲ ನ್ಯೂಸ್‌ನಲ್ಲಿ ಯಾರನ್ನಾದ್ರೂ ಹಿಡಿದ್ರು ಅಂತ ನೋಡಿದಾಗ, ಅವರು ನಿಮಗೆ ಇಷ್ಟ ಇರಲಿ ಬಿಡಲಿ, ಒಂದು ವಿಷಯ ಗಮನಿಸಿ: ಚಾರ್ಜ್‌ಶೀಟ್ ಇದೆಯಾ? ವಿಚಾರಣೆ ಯಾವಾಗ?

ಆ ಹಳೇ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಮೆಜೆಸ್ಟಿಕ್‌ಗೆ ಹತ್ತಿರದಲ್ಲೇ ಇದೆ. ಇಂಟರ್‌ವ್ಯೂಗೋ ಎಕ್ಸಾಮ್‌ಗೋ ಬೆಂಗಳೂರಿಗೆ ಹೋದಾಗ ಅರ್ಧ ಗಂಟೆ ಇದ್ದರೆ ಒಳಗೆ ಹೋಗಿ ಬನ್ನಿ, ಹಳೇ ಸೆಲ್‌ಗಳನ್ನ ಉಳಿಸಿಕೊಂಡಿದ್ದಾರೆ. ಅದಕ್ಕೂ ಮೊದಲು 'ಸಂಸ್ಕಾರ' ನೋಡಿ. ಅದರಲ್ಲಿ ಗಂಡಸರು ಶಾಸ್ತ್ರ ಹುಡುಕ್ತಾ ಕೂತಿರುವಾಗ ಎದ್ದು ಹೋಗೋ ಆ ಹೆಂಗಸೇ ಸ್ನೇಹಲತಾ.

ಮುಂದಿನ ವಾರ ಸಿಗೋಣ. ನಮಸ್ಕಾರ.