ಕರಡಿ ನೋಡಬೇಕೇ? ಕೂತಲ್ಲೇ ಕೂತಿರಿ!

ಹೊಸಪೇಟೆಯಲ್ಲಿ ಕಮಲಾಪುರದ ಬಸ್ಸು ಹತ್ತುವ ಹೊರಗಿನವರೆಲ್ಲ ಹಂಪಿಗೇ ಹೊರಟವರು ಎಂದು ನಾವು ತಿಳಿದುಕೊಂಡಿರುತ್ತೇವೆ. ನಡುವೆ ಆಗೊಬ್ಬ ಈಗೊಬ್ಬ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು, ಬಿಸಿಲಿನಲ್ಲೂ ಮಣ್ಣುಬಣ್ಣದ ಅಂಗಿ ತೊಟ್ಟು ಕೂತಿರುತ್ತಾನೆ. ಅವನಿಗೆ ಕಲ್ಲಿನ ರಥ ಬೇಡ, ಕಮಲ ಮಹಲೂ ಬೇಡ. ಅವನು ಹೊರಟಿರುವುದು ಕರಡಿ ನೋಡಲು.

ಹಂಪಿಗೆ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿದೆ ದರೋಜಿ ಕರಡಿಧಾಮ. ಬಿಳಿಕಲ್ಲು ಅರಣ್ಯದ 5,587 ಹೆಕ್ಟೇರ್ ಜಾಗವನ್ನು ಸರ್ಕಾರ 1994ರಲ್ಲಿ ಕರಡಿಗಳ ಹೆಸರಿಗೆ ಬರೆದುಕೊಟ್ಟಿತು. 2009ರಲ್ಲಿ ಬುಕ್ಕಸಾಗರ ಕಾಡಿನ ಒಂದು ಭಾಗವೂ ಸೇರಿ ಈಗ ಒಟ್ಟು 82 ಚದರ ಕಿಲೋಮೀಟರ್ ದಾಟಿದೆ. ಏಷ್ಯಾಕ್ಕೇ ಇದು ಮೊದಲನೆಯದು ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಗುಜರಾತಿನ ಜೆಸ್ಸೋರ್ ಕರಡಿಧಾಮ 1978ರದ್ದು ಸ್ವಾಮಿ, ಆ ಮಾತು ಬಿಡೋಣ. ಕಿಷ್ಕಿಂಧೆ ಎಂದು ಕರೆಸಿಕೊಂಡ ನಾಡಿನಲ್ಲಿ ಜಾಂಬವಂತನ ವಂಶಸ್ಥರು ಇನ್ನೂ ಬದುಕಿದ್ದಾರಲ್ಲ, ಹೆಮ್ಮೆಗೆ ಅಷ್ಟು ಸಾಲದೆ?

ಅಲ್ಲಿ ಕರಡಿ ನೋಡುವ ರೀತಿಯೇ ಬೇರೆ. ಜೀಪು ಹತ್ತಿ ಬೆನ್ನಟ್ಟುವುದಿಲ್ಲ. ಒಂದು ವೀಕ್ಷಣಾ ಗೋಪುರ, ಅದರೆದುರು ದೂರದಲ್ಲಿ ಬಂಡೆಗಳ ಗುಡ್ಡ, ನಡುವೆ ಕುರುಚಲು ಕಾಡು. ಮಧ್ಯಾಹ್ನ ಇಲಾಖೆಯ ಆಳುಗಳು ಹೋಗಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುವುದು ಮೊದಲಿನಿಂದ ಬಂದ ರೂಢಿ. ಆಮೇಲೆ ನೋಡುವವನ ಕೆಲಸ ಒಂದೇ, ಸುಮ್ಮನೆ ಕೂಡುವುದು. ಮೊದಲು ಬರುವುದು ನವಿಲು, ಮುಂಗುಸಿ, ಕಾಡುಹಂದಿ. ಬಿಸಿಲು ಇಳಿಯುತ್ತಿದ್ದಂತೆ ಎರಡು ಬಂಡೆಗಳ ಸಂದಿಯಲ್ಲಿದ್ದ ಕಪ್ಪು ನೆರಳು ಅಲ್ಲಾಡುತ್ತದೆ. ನೆರಳಲ್ಲ, ಕರಡಿ! ತೂಗುತ್ತಾ ತೊನೆಯುತ್ತಾ, ಸಂತೆ ಮುಗಿಸಿ ಮನೆಗೆ ಹೊರಟ ಯಜಮಾನನ ಹಾಗೆ ಇಳಿದು ಬರುತ್ತದೆ. ಅದೃಷ್ಟವಿದ್ದರೆ ತಾಯಿ ಕರಡಿಯ ಬೆನ್ನ ಮೇಲೆ ಎರಡು ಮರಿ ಕಾಣುತ್ತವೆ. ತಾಯಿಯ ಉದ್ದ ಕೂದಲು ಹಿಡಿದು ಜೋತುಬಿದ್ದಿರುತ್ತವೆ. ಬೆನ್ನ ಮೇಲೆ ಮರಿ ಹೊತ್ತು ಹೀಗೆ ಅಲೆಯುವುದು ನಮ್ಮ ಈ ಕರಡಿಯ ವಿಶೇಷ. ತಿಂಗಳುಗಟ್ಟಲೆ ಹೊತ್ತು, ಎರಡು ವರ್ಷ ದಾಟುವವರೆಗೂ ಜೊತೆಯಲ್ಲೇ ಇಟ್ಟುಕೊಳ್ಳುತ್ತದೆ.

ಇಷ್ಟನ್ನು ನೋಡಲು ಬೇಕಾದದ್ದು ತಾಳ್ಮೆ, ಮತ್ತು ಕೊಂಚ ಮೂಗಿನ ಜ್ಞಾನ. ಕರಡಿಯ ಕಣ್ಣು, ಕಿವಿ ಅಷ್ಟಕ್ಕಷ್ಟೆ. ಮೂಗು ಮಾತ್ರ ಬಲು ಜೋರು, ಮಣ್ಣಿನೊಳಗಿರುವ ಗೆದ್ದಲನ್ನೇ ಮೂಸಿ ಹುಡುಕುವ ಪ್ರಾಣಿ ಅದು. ಗಾಳಿ ಗುಡ್ಡದ ಕಡೆಗೆ ಬೀಸುವಾಗ ನಿಮ್ಮ ಬೀಡಿ, ಅತ್ತರು, ಕಾಗದದಲ್ಲಿ ಕಟ್ಟಿಸಿಕೊಂಡು ಬಂದ ಮಿರ್ಚಿ ಎಲ್ಲವೂ ನಿಮಗಿಂತ ಮುಂಚೆ ಅಲ್ಲಿಗೆ ತಲುಪುತ್ತವೆ. ಮೊಬೈಲಿನ ಗಂಟೆ ಬಂದ್ ಮಾಡಿ. ಫೋಟೋ ತೆಗೆಯುವಾಗ ಫ್ಲಾಶ್ ಬೇಡವೇ ಬೇಡ. ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ದೊಡ್ಡವರಿಗೆ ಯಾರು ಹೇಳಬೇಕೋ ತಿಳಿಯದು. ‘ಎಲ್ಲೈತೋ? ಎಲ್ಲೈತೋ?’ ಎಂದು ಗೋಪುರವೇ ನಡುಗುವಂತೆ ಕೂಗುವವರು, ಕಾಣದಿದ್ದರೆ ಶಿಳ್ಳೆ ಹೊಡೆಯುವವರು ಇಂಥ ಜಾಗಗಳಿಗೆಲ್ಲ ಬರುತ್ತಾರೆ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತ ನಾವು ಅನ್ನುತ್ತೇವೆ. ಕರಡಿಗಳಲ್ಲೂ ಗಾದೆ ಇದ್ದಿದ್ದರೆ ಅದರಲ್ಲಿ ನಮ್ಮ ಹೆಸರು ಇರುತ್ತಿತ್ತು.

ಬೆಲ್ಲ ಬಳಿಯುವುದು ಸರಿಯೇ ಎಂಬ ತಕರಾರು ಬೇರೆ ಇದೆ. ಕಾಡುಪ್ರಾಣಿಗೆ ಕೈತುತ್ತಿನ ರುಚಿ ಹತ್ತಿಸಿದರೆ ಅದರ ನಡತೆ ಕೆಡುತ್ತದೆ ಎನ್ನುವವರ ಮಾತು ಸುಳ್ಳಲ್ಲ. ನನ್ನನ್ನು ಕೇಳಿದರೆ, ಬೆಲ್ಲ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಅದರ ಹೊಟ್ಟೆ ತುಂಬಬೇಕಾದದ್ದು ಗೆದ್ದಲು, ಇರುವೆ, ಜೇನು, ಕಾರೆ, ಬಾರೆ, ಸೀತಾಫಲದಿಂದ. ಆದರೆ ಆ ಬೆಲ್ಲ ಇರುವುದರಿಂದಲೇ ಜನ ಗೋಪುರದಲ್ಲಿ ಕೂಡುತ್ತಾರೆ, ಗುಡ್ಡ ಹತ್ತಿ ಗವಿಗೆ ಇಣುಕುವುದಿಲ್ಲ ಎಂಬುದನ್ನೂ ತೂಕಕ್ಕೆ ಇಡಬೇಕಲ್ಲ. ಹಿಂದೆ ನಾವು ಕರಡಿ ನೋಡಿದ್ದು ಹೇಗೆ? ಮೂಗಿಗೆ ಹಗ್ಗ ಪೋಣಿಸಿ, ಹಲ್ಲು ಕಿತ್ತು, ಬೀದಿಯಲ್ಲಿ ಕುಣಿಸುತ್ತಿದ್ದರು. ಹೆದರಿಕೆ ಹೋಗಲಿ ಎಂದು ಕೂಸುಗಳನ್ನು ಅದರ ಬೆನ್ನ ಮೇಲೆ ಕೂರಿಸಿ, ಕೂದಲನ್ನು ತಾಯತಕ್ಕೆ ಹಾಕಿಸಿಕೊಳ್ಳುತ್ತಿದ್ದೆವು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೂ ಆ ಆಟ ನಿಲ್ಲಲು 2009 ಆಗಬೇಕಾಯಿತು.

ಇನ್ನು ಗೋಪುರದಿಂದ ಕೆಳಗಿಳಿಯೋಣ. ಕರಡಿ ನೋಡಲು ಹೋಗದವರಿಗೂ ಕರಡಿ ಸಿಗುತ್ತದೆ, ಈ ಭಾಗದ ಸಂಕಟ ಇರುವುದು ಅಲ್ಲಿ. ನಸುಕಿನಲ್ಲಿ ಹೊಲಕ್ಕೆ ನೀರು ಕಟ್ಟಲು ಹೋದವನು, ಕುರಿ ಕಾಯುವವನು, ಚೊಂಬು ಹಿಡಿದು ಬಯಲಿಗೆ ಹೊರಟವನು, ಆಸ್ಪತ್ರೆ ಸೇರುವವರು ಇಂಥವರೇ. ಕರಡಿ ಮನುಷ್ಯನನ್ನು ತಿನ್ನಲು ಬರುವುದಿಲ್ಲ. ಅದರ ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲಿಲ್ಲ. ಹುತ್ತ ಬಗೆದು ಮೂತಿ ಒಳಗಿಟ್ಟು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿಯಿಂದ ಗೆದ್ದಲನ್ನು ಎಳೆದುಕೊಳ್ಳುತ್ತದೆ. ಕಮ್ಮಾರನ ತಿದಿಯಂಥ ಆ ಸದ್ದು ನೂರು ಗಜದಾಚೆಗೂ ಕೇಳುತ್ತದೆ. ಯಡವಟ್ಟು ಆಗುವುದು ಇಲ್ಲೇ. ತನ್ನ ಸದ್ದಿನಲ್ಲಿ ತಾನೇ ಮುಳುಗಿದ ಕರಡಿಗೆ ನೀವು ಬಂದದ್ದು ಗೊತ್ತಾಗುವುದು ನಾಲ್ಕು ಮಾರು ದೂರದಲ್ಲಿ. ಬೆಚ್ಚಿಬಿದ್ದ ಪ್ರಾಣಿ ಓಡುವ ಬದಲು ಮೇಲೆರಗುತ್ತದೆ. ಕ್ವಿಂಟಲ್ ದಾಟುವ ಗಂಡು, ಮೂರು ಅಂಗುಲಕ್ಕೂ ಮಿಕ್ಕಿದ ಉಗುರು. ಗಾಯವಾಗುವುದು ಹೆಚ್ಚಾಗಿ ಮುಖಕ್ಕೆ, ತಲೆಗೆ.

ಆದ್ದರಿಂದ ಗೋಪುರದಲ್ಲಿ ಬಾಯಿ ಮುಚ್ಚಿ ಅಂದ ನಾನೇ ಹೊಲದ ದಾರಿಯಲ್ಲಿ ಬಾಯಿ ತೆರೆಯಿರಿ ಅನ್ನುತ್ತೇನೆ. ಎರಡೂ ಒಂದೇ ಲೆಕ್ಕ, ಕರಡಿ ಗಾಬರಿ ಬೀಳಬಾರದು. ಇಬ್ಬರು ಮೂವರು ಸೇರಿ ಮಾತಾಡುತ್ತಾ ಹೋಗಿ, ಕೋಲಿನಿಂದ ನೆಲ ಬಡಿಯಿರಿ, ಕತ್ತಲಲ್ಲಿ ಬ್ಯಾಟರಿ ಹಿಡಿಯಿರಿ. ದೂರದಲ್ಲಿ ಕಂಡರೆ ಕಲ್ಲು ಎಸೆಯದೆ, ಓಡದೆ, ಹಿಂದಕ್ಕೆ ಹೆಜ್ಜೆ ಇಡಿ. ಇಬ್ಬರು ಗೆಳೆಯರ ಕತೆ ನಂಬಿ ಮರ ಹತ್ತಬೇಡಿ, ಜೇನಿಗಾಗಿ ಮರ ಹತ್ತುವುದರಲ್ಲಿ ಕರಡಿ ನಮಗಿಂತ ಗಟ್ಟಿಗ. ಮೈಮೇಲೇ ಬಿದ್ದರೆ ಬೋರಲು ಮಲಗಿ, ಕತ್ತಿನ ಹಿಂದೆ ಕೈ ಹೆಣೆದುಕೊಂಡು ಮುಖ ಉಳಿಸಿಕೊಳ್ಳಬೇಕೆಂದು ಬಲ್ಲವರು ಹೇಳುತ್ತಾರೆ. ಮರಿ ಜೊತೆಗಿರುವ ತಾಯಿಯಾದರೆ ಇನ್ನೂ ಎಚ್ಚರ. ಚಳಿಗಾಲದಲ್ಲಿ ಬಂಡೆಯ ಗವಿಗಳಲ್ಲಿ ಮರಿ ಹಾಕುತ್ತದೆ, ಆ ದಿನಗಳಲ್ಲಿ ಸೌದೆಗೆಂದು ಗುಡ್ಡದ ಸಂದುಗೊಂದು ಹೊಗುವುದು ಬೇಡ.

ಅಂಗಡಿಯವರಿಗೂ ಒಂದು ಮಾತಿದೆ, ಬೇಸರ ಬೇಡ. ಕೊಳೆತ ಬಾಳೆಹಣ್ಣು, ಒಡೆದ ಕಲ್ಲಂಗಡಿ, ನೀರೊಡೆದ ಬೆಲ್ಲದ ಪೆಂಟೆ, ಹೋಟೆಲಿನ ಎಂಜಲು, ಇವೆಲ್ಲ ಸಂಜೆಗೆ ಊರಾಚೆಯ ತಿಪ್ಪೆ ಸೇರುತ್ತವೆ. ಗುಡ್ಡದಿಂದ ಊರಿಗೆ ದಾರಿ ತೋರಿಸಲು ಇದಕ್ಕಿಂತ ಬೇರೆ ಬೇಕೇ? ದೇವಸ್ಥಾನದ ದೀಪದ ಎಣ್ಣೆ ಕುಡಿಯಲು, ಕೊಬ್ಬರಿ ತಿನ್ನಲು ಕರಡಿ ಬಂದ ಸುದ್ದಿ ಕೊಪ್ಪಳ, ಚಿತ್ರದುರ್ಗದ ಕಡೆಯಿಂದ ಬರುತ್ತಲೇ ಇರುತ್ತದೆ. ಬಂದದ್ದು ಒಮ್ಮೆ ರುಚಿ ಕಂಡರೆ ಮತ್ತೆ ಬರುತ್ತದೆ. ಆಗ ಜನ ಸೇರುತ್ತಾರೆ, ಕೂಗಾಟ, ಕಲ್ಲೆಸೆತ, ನಾಲ್ಕೂ ಕಡೆ ಮೊಬೈಲು. ದಿಕ್ಕುಗೆಟ್ಟ ಕರಡಿ ಎದುರಿಗೆ ಸಿಕ್ಕವನನ್ನು ಹರಿಯುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಕರಡಿ ದಾಳಿ’ ಎಂದು ತಲೆಬರಹ, ತಿಪ್ಪೆಯ ಸುದ್ದಿ ಮಾತ್ರ ಇರುವುದಿಲ್ಲ. ಗುಡ್ಡದಂಚಿನ ಊರುಗಳಲ್ಲಿ ಕಸವನ್ನು ಕತ್ತಲಾಗುವ ಮುನ್ನ ಎತ್ತಿಸಲು, ಬಯಲು ದಾರಿಯಲ್ಲಿ ಒಂದೆರಡು ದೀಪ ಹಾಕಿಸಲು ಎಷ್ಟು ಖರ್ಚು ಬಿದ್ದೀತು? ಪುರಸಭೆ, ಪಂಚಾಯಿತಿಯವರು ಲೆಕ್ಕ ಹಾಕಿ ಹೇಳಲಿ.

ನೋಡಲು ಹೋಗುವವರು ಕಮಲಾಪುರದವರೆಗೆ ಬಸ್ಸು ಹಿಡಿದು, ಮುಂದಕ್ಕೆ ಆಟೋ ಮಾತಾಡಿಕೊಳ್ಳಿ. ಕಾಯುವ ಬಾಡಿಗೆ ಮೊದಲೇ ಗೊತ್ತುಮಾಡಿಕೊಳ್ಳುವುದು ವಾಸಿ, ಕರಡಿ ಇಳಿದು ಬರುವ ಹೊತ್ತಿಗೇ ಆಟೋದವನು ಹಾರ್ನ್ ಒತ್ತಬಾರದು ನೋಡಿ.