ಡೆಂಗೆ ಜ್ವರದ ಉಗ್ರತೆಯೂ ವಂಶವಾಹಿಗಳೂ

ಡೆಂಗೆ ಜ್ವರ ತಗುಲಿದ ಮಕ್ಕಳಲ್ಲಿ ಬಹುಮಂದಿ ವಾರದೊಳಗೆ ಎದ್ದು ಆಡುವರು. ಕೆಲವರಿಗೆ ಮಾತ್ರ, ಜ್ವರವಿಳಿಯುವ ಹೊತ್ತಿಗೇ, ರಕ್ತದ ದ್ರವಭಾಗವು ನಾಳಗಳಿಂದ ಹೊರಕ್ಕೆ ಜಿನುಗಿ, ಕೈಕಾಲು ತಣ್ಣಗಾಗಿ ನಾಡಿ ಕುಸಿಯುವುದು. ಈ ರೋಗದ ವೈರಸ್ಸಿನಲ್ಲಿ ನಾಲ್ಕು ಬಗೆಗಳುಂಟು. ಒಂದು ಬಗೆಯಿಂದ ಹುಟ್ಟಿದ ಪ್ರತಿಕಾಯಗಳು ಮತ್ತೊಂದು ಬಗೆಗೆ ತಡೆಯಾಗುವ ಬದಲು ನೆರವಾಗಬಲ್ಲವು. ಆದರೆ ಎರಡನೆಯ ಸಲ ಸೋಂಕಿದವರಲ್ಲಿಯೂ ಹೆಚ್ಚಿನವರು ಈ ಆಘಾತಕ್ಕೆ ಗುರಿಯಾಗರು. ಆದುದರಿಂದ ಭೇದವನ್ನು ಹುಟ್ಟಿನಲ್ಲಿಯೂ ಅರಸಬೇಕಾಯಿತು.

ವಿಯೆಟ್ನಾಮಿನಲ್ಲಿ ಆಘಾತಕ್ಕೊಳಗಾದ 2,008 ಮಕ್ಕಳನ್ನು ಇತರ 2,018 ಮಂದಿಯೊಡನೆ ಹೋಲಿಸಿದ ಶೋಧನೆಯು 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ವಂಶವಾಹಿಗಳು ಎದ್ದು ಕಂಡವು. ಆರನೆಯ ವರ್ಣತಂತುವಿನಲ್ಲಿರುವ ಎಂ.ಐ.ಸಿ.ಬಿ. ಎಂಬುದು ಮೊದಲನೆಯದು. ಸಂಕಟಕ್ಕೊಳಗಾದ ಜೀವಕೋಶವು ಇದರ ಪ್ರೋಟೀನನ್ನು ಹೊರಮೈಯಲ್ಲಿ ಬಾವುಟದಂತೆ ತೋರಿ, ರೋಗನಿರೋಧಕ ಕೋಶಗಳನ್ನು ತನ್ನತ್ತ ಸೆಳೆಯುವುದು. ಹತ್ತನೆಯದರಲ್ಲಿರುವ ಪಿ.ಎಲ್.ಸಿ.ಇ.1 ಎರಡನೆಯದು. ಇದು ಕೆಟ್ಟರೆ ಮಕ್ಕಳ ಮೂತ್ರಪಿಂಡದಿಂದ ಪ್ರೋಟೀನು ಸೋರುವ ರೋಗವೊಂದು ಬರುವುದೆಂಬುದು ಮೊದಲೇ ತಿಳಿದಿತ್ತು. ಅಲ್ಲಿಯೂ ಸೋರಿಕೆ, ಇಲ್ಲಿಯೂ ಸೋರಿಕೆ. ಈ ಹೋಲಿಕೆ ಆಕಸ್ಮಿಕವೆಂದು ತಳ್ಳಿಬಿಡುವಂತಿಲ್ಲ.

ಆದರೂ ಎಂ.ಐ.ಸಿ.ಬಿ.ಯ ಅಪಾಯಕರ ರೂಪವು ಆಘಾತದ ಸಂಭವವನ್ನು ಹೆಚ್ಚಿಸುವುದು ಸುಮಾರು ಮೂರರಲ್ಲೊಂದು ಪಾಲಿನಷ್ಟೇ. ಅದನ್ನು ನೋಡಿ ಇಂಥ ಮಗುವಿಗೇ ಕಂಟಕವೆಂದು ಹೇಳಲಾಗದು. ಜ್ವರವಿಳಿದ ಆ ಒಂದೆರಡು ದಿನ ವೈದ್ಯನು ಪ್ರತಿಯೊಂದು ಮಗುವಿನ ನಾಡಿಯನ್ನೂ ನೋಡುತ್ತಲೇ ಇರಬೇಕು.