ಮಧುಮೇಹಿಗಳ ಪಾದ ಮತ್ತು ಉಗುರುಗಳ ಆರೈಕೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಉಗುರು ಕತ್ತರಿಸಿಕೊಳ್ಳುವುದು ಆರೋಗ್ಯವಂತರಿಗೆ ಅತಿ ಸಾಮಾನ್ಯವಾದ ಕೆಲಸ. ಆದರೆ ಬಹಳ ವರ್ಷಗಳಿಂದ ಮಧುಮೇಹ, ಅಂದರೆ ಸಕ್ಕರೆ ಕಾಯಿಲೆ, ಇರುವವರಲ್ಲಿ ಕಾಲ್ಬೆರಳಿಗೆ ತಗುಲಿದ ಸಣ್ಣ ಗಾಯವೂ ಬೆರಳನ್ನು, ಕೆಲವೊಮ್ಮೆ ಪಾದವನ್ನೇ ಕಳೆದುಕೊಳ್ಳಲು ಕಾರಣವಾಗಬಹುದು. ಉಗುರುಗಳನ್ನು ಸರಿಯಾದ ಕ್ರಮದಲ್ಲಿ ಕತ್ತರಿಸುವುದರಿಂದಲೂ, ಪಾದಗಳನ್ನು ಪ್ರತಿದಿನ ಪರೀಕ್ಷಿಸಿಕೊಳ್ಳುವುದರಿಂದಲೂ ಇಂತಹ ಹೆಚ್ಚಿನ ತೊಂದರೆಗಳನ್ನು ತಡೆಗಟ್ಟಬಹುದಾಗಿದೆ.

ಮಧುಮೇಹಿಗಳಿಗೆ ವಿಶೇಷ ಎಚ್ಚರಿಕೆ ಏಕೆ?

ರಕ್ತದಲ್ಲಿ ಸಕ್ಕರೆಯ ಅಂಶವು ದೀರ್ಘಕಾಲ ಅಧಿಕವಾಗಿದ್ದಲ್ಲಿ ಪಾದದ ನರಗಳು ದುರ್ಬಲಗೊಂಡು ಸ್ಪರ್ಶಜ್ಞಾನವು ಕ್ರಮೇಣ ಕಡಿಮೆಯಾಗುತ್ತದೆ. ಬ್ಲೇಡು ತಗುಲಿದರೂ, ಬಿಸಿನೀರು ಸುಟ್ಟರೂ ರೋಗಿಗೆ ತಿಳಿಯದೇ ಹೋಗಬಹುದು. ಇದರೊಂದಿಗೆ ಪಾದಕ್ಕೆ ರಕ್ತ ಸಂಚಾರವೂ ಕುಂಠಿತವಾಗುವುದರಿಂದ ಗಾಯವು ಬೇಗನೆ ಮಾಯುವುದಿಲ್ಲ, ಸೋಂಕು ಸುಲಭವಾಗಿ ಹರಡುತ್ತದೆ. ಆದ್ದರಿಂದ ನೋವಿಲ್ಲ ಎಂಬ ಕಾರಣಕ್ಕೆ ಗಾಯವನ್ನು ಅಲಕ್ಷಿಸತಕ್ಕದ್ದಲ್ಲ.

ಕಾಲಿನ ಉಗುರು ತಿಂಗಳಿಗೆ ಸುಮಾರು 1.5 ಮಿಲಿಮೀಟರ್‌ನಷ್ಟು ಮಾತ್ರ ಬೆಳೆಯುತ್ತದೆ. ಹೆಬ್ಬೆರಳಿನ ಉಗುರು ಪೂರ್ಣವಾಗಿ ಕಿತ್ತುಹೋದಲ್ಲಿ ಮತ್ತೆ ಬೆಳೆಯಲು 12 ರಿಂದ 18 ತಿಂಗಳು ಬೇಕಾಗುತ್ತದೆ.

ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

1. ಉಗುರುಗಳನ್ನು ಸ್ನಾನದ ನಂತರ, ಅವು ಮೃದುವಾಗಿರುವಾಗ ಕತ್ತರಿಸುವುದು ಸೂಕ್ತ. ಮುಸ್ಸಂಜೆಯ ನಂತರ ಉಗುರು ತೆಗೆಯಬಾರದೆಂಬ ರೂಢಿ ಮನೆಗಳಲ್ಲಿದೆ. ಕಾರಣ ಏನೇ ಇರಲಿ, ಒಳ್ಳೆಯ ಬೆಳಕಿನಲ್ಲಿ ಮಾತ್ರ ಕತ್ತರಿಸುವುದು ಮಧುಮೇಹಿಗಳಿಗೆ ಅತ್ಯಗತ್ಯ.

2. ಕಾಲಿನ ಉಗುರನ್ನು ನೇರವಾಗಿ ಅಡ್ಡಲಾಗಿ ಕತ್ತರಿಸಬೇಕು. ಮೂಲೆಗಳನ್ನು ಒಳಕ್ಕೆ ಕೊರೆದು ದುಂಡಗೆ ಮಾಡಿದಲ್ಲಿ ಬೆಳೆಯುವ ಉಗುರಿನ ಅಂಚು ಮಾಂಸದೊಳಕ್ಕೆ ಚುಚ್ಚಿಕೊಂಡು ಕೀವಾಗುತ್ತದೆ. ಚೂಪಾದ ಮೂಲೆಗಳನ್ನು ಅರದಿಂದ ಮೆಲ್ಲಗೆ ಉಜ್ಜಿದರೆ ಸಾಕು.

3. ಬ್ಲೇಡ್, ಚಾಕು, ಸೂಜಿ, ಪಿನ್ನುಗಳನ್ನು ಬಳಸತಕ್ಕದ್ದಲ್ಲ. ಮನೆಯ ಪ್ರತಿಯೊಬ್ಬರೂ ಪ್ರತ್ಯೇಕ ನೇಲ್ ಕಟರ್ ಹೊಂದಿರುವುದು ಉತ್ತಮ.

4. ಉಗುರಿನ ಬುಡದಲ್ಲಿರುವ ತೆಳುವಾದ ಚರ್ಮದ ಪೊರೆಯನ್ನು ಕತ್ತರಿಸಬಾರದು, ಹಿಂದಕ್ಕೆ ತಳ್ಳಬಾರದು. ರೋಗಾಣುಗಳು ಉಗುರಿನ ಬುಡವನ್ನು ಸೇರದಂತೆ ತಡೆಯುವುದು ಈ ಪೊರೆಯೇ. ಅದು ಹರಿದಲ್ಲಿ ಉಗುರುಸುತ್ತು ಉಂಟಾಗುವ ಸಂಭವವಿದೆ. ಸದಾ ನೀರಿನಲ್ಲಿ ಕೈಯಾಡಿಸಿ ಕೆಲಸ ಮಾಡುವ ಮಹಿಳೆಯರಲ್ಲಿ ಕೈಬೆರಳಿನ ಉಗುರುಸುತ್ತು ಹೆಚ್ಚು. ಕೆಲಸದ ನಂತರ ಕೈಗಳನ್ನು ಚೆನ್ನಾಗಿ ಒರೆಸಿ ಒಣಗಿಸಬೇಕು.

5. ಕಾಲು ತೊಳೆಯುವ ನೀರಿನ ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು. ಪಾದಗಳನ್ನು ಬಹಳ ಹೊತ್ತು ನೆನೆಸಿಡಬಾರದು. ತೊಳೆದ ನಂತರ ಬೆರಳ ಸಂದಿಗಳನ್ನು ಒರೆಸಿ, ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಹುದು. ಸಂದಿಗಳಿಗೆ ಎಣ್ಣೆ ಹಚ್ಚಬಾರದು.

6. ಆಣಿ ಅಥವಾ ಜಡ್ಡುಗಟ್ಟಿದ ಚರ್ಮವನ್ನು ಕೆತ್ತಿ ತೆಗೆಯಬಾರದು. ಆಣಿಗೆಂದು ಅಂಗಡಿಗಳಲ್ಲಿ ದೊರೆಯುವ ಪಟ್ಟಿಗಳಲ್ಲಿ ಆಮ್ಲವಿರುವುದರಿಂದ ಸ್ಪರ್ಶಜ್ಞಾನವಿಲ್ಲದ ಪಾದಕ್ಕೆ ಅವು ಅಪಾಯಕಾರಿ. ಗಾಯಕ್ಕೆ ಸುಣ್ಣ, ಹೊಗೆಸೊಪ್ಪಿನ ಪುಡಿ, ಸೀಮೆಎಣ್ಣೆ ಮುಂತಾದವುಗಳನ್ನು ಹಚ್ಚತಕ್ಕದ್ದಲ್ಲ.

7. ಬಾವು ಬಂದಿರುವ ಬೆರಳಿನಲ್ಲಿ ಬಿಗಿಯಾದ ಕಾಲುಂಗುರ ಉಳಿಯದಂತೆ ನೋಡಿಕೊಳ್ಳಬೇಕು.

8. ದೃಷ್ಟಿ ಮಂದವಾಗಿರುವವರು, ಬಾಗಲು ಆಗದವರು, ಉಗುರು ದಪ್ಪಗಾಗಿ ಕತ್ತರಿಸಲು ಬಾರದವರು ಸ್ವತಃ ಪ್ರಯತ್ನಿಸದೆ ಮನೆಯವರ ಅಥವಾ ಆರೋಗ್ಯ ಸಿಬ್ಬಂದಿಯ ನೆರವು ಪಡೆಯತಕ್ಕದ್ದು.

ಬ್ಯೂಟಿ ಪಾರ್ಲರ್‌ಗಳಲ್ಲಿ ಪೆಡಿಕ್ಯೂರ್ ಮಾಡಿಸಿಕೊಳ್ಳುವವರ ಗಮನಕ್ಕೆ

ಪೆಡಿಕ್ಯೂರ್‌ನಲ್ಲಿ ಸಾಮಾನ್ಯವಾಗಿ ಕಾಲು ನೆನೆಸುವುದು, ಹಿಮ್ಮಡಿ ಉಜ್ಜುವುದು, ಉಗುರಿನ ಬುಡದ ಪೊರೆ ಬಿಡಿಸುವುದು ಸೇರಿರುತ್ತದೆ. ಈ ಮೂರೂ ಮಧುಮೇಹಿಗಳಿಗೆ ಗಾಯ ಮಾಡಬಲ್ಲವು. ಪಾದದಲ್ಲಿ ಜೋಮು, ಉರಿ, ಹುಣ್ಣು ಅಥವಾ ರಕ್ತ ಸಂಚಾರದ ಕೊರತೆ ಇರುವವರು ಇದನ್ನು ಮಾಡಿಸಿಕೊಳ್ಳದಿರುವುದು ಕ್ಷೇಮ. ಇತರೆ ಮಧುಮೇಹಿಗಳು ವೈದ್ಯರ ಸಲಹೆ ಪಡೆದು, ತಮಗೆ ಕಾಯಿಲೆಯಿರುವುದನ್ನು ಪಾರ್ಲರ್‌ನವರಿಗೆ ಮೊದಲೇ ತಿಳಿಸಿ, ಪೊರೆ ಕತ್ತರಿಸದಂತೆಯೂ ಬ್ಲೇಡ್ ಬಳಸದಂತೆಯೂ ಸೂಚಿಸತಕ್ಕದ್ದು.

ಕೆಳಕಂಡ ಎಚ್ಚರಿಕೆಗಳು ಎಲ್ಲರಿಗೂ ಅನ್ವಯಿಸುತ್ತವೆ. ಹೆಪಟೈಟಿಸ್ ಬಿ ವೈರಾಣುವು ದೇಹದ ಹೊರಗೆ ಕನಿಷ್ಠ 7 ದಿನಗಳ ಕಾಲ ಜೀವಂತವಾಗಿರಬಲ್ಲದು. ರಕ್ತ ಸೋಂಕಿದ ಉಪಕರಣವನ್ನು ಬಟ್ಟೆಯಿಂದ ಒರೆಸಿದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ. ಲೋಹದ ಉಪಕರಣಗಳನ್ನು ಮೊದಲು ತೊಳೆದು, ಆಟೋಕ್ಲೇವ್ ಯಂತ್ರದ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಂಸ್ಕರಿಸುವುದು ವಿಶ್ವಾಸಾರ್ಹ ವಿಧಾನ. ನೀಲಿ ದೀಪದ ಪೆಟ್ಟಿಗೆಯಲ್ಲಿ ಇಡುವುದು ಇದಕ್ಕೆ ಬದಲಿಯಲ್ಲ. ಇಂತಹ ವ್ಯವಸ್ಥೆ ಇಲ್ಲದ ಕಡೆ ಗ್ರಾಹಕರು ತಮ್ಮದೇ ಉಪಕರಣಗಳನ್ನು ಕೊಂಡೊಯ್ಯಬಹುದು.

ಕಾಲು ನೆನೆಸುವ ತೊಟ್ಟಿಯ ಸ್ವಚ್ಛತೆಯೂ ಅಷ್ಟೇ ಮುಖ್ಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2000ನೇ ಇಸವಿಯಲ್ಲಿ ಒಂದೇ ಪಾರ್ಲರ್‌ನ 100ಕ್ಕೂ ಹೆಚ್ಚು ಗ್ರಾಹಕರ ಕಾಲುಗಳಲ್ಲಿ ಕುರುಗಳೆದ್ದವು. ತೊಟ್ಟಿಯ ಜಾಲರಿಯ ಹಿಂದೆ ಸಂಗ್ರಹವಾಗಿದ್ದ ಕೂದಲು ಮತ್ತು ಕೊಳೆಯಲ್ಲಿ ರೋಗಾಣುಗಳು ಪತ್ತೆಯಾದವು. ಕಾಲಿನ ಕೂದಲನ್ನು ರೇಜರ್‌ನಿಂದ ತೆಗೆದು ಬಂದಿದ್ದವರಲ್ಲಿ ಸೋಂಕಿನ ಸಂಭವ ಹೆಚ್ಚಾಗಿತ್ತು. ಆದುದರಿಂದ ಪೆಡಿಕ್ಯೂರ್‌ಗೆ ಮುನ್ನ ಕಾಲಿಗೆ ರೇಜರ್ ಬಳಸದಿರುವುದು ಒಳಿತು.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

• ಉಗುರಿನ ಸುತ್ತ ಕೆಂಪಾಗುವುದು, ಬಾವು, ಕೀವು ಅಥವಾ ದುರ್ವಾಸನೆ
• ಬೆರಳು ಕಪ್ಪಾಗುವುದು, ನೀಲಿಗಟ್ಟುವುದು ಅಥವಾ ತಣ್ಣಗಾಗುವುದು
• ನೋವಿಲ್ಲದಿದ್ದರೂ ಮಾಯದೆ ಉಳಿದಿರುವ ಹುಣ್ಣು
• ಪಾದದ ಗಾಯದೊಂದಿಗೆ ಜ್ವರ
• ಪೆಟ್ಟು ಬೀಳದೆ ಉಗುರಿನಡಿ ಕಾಣಿಸಿಕೊಂಡು ಅಗಲವಾಗುತ್ತಿರುವ ಕಪ್ಪು ಗೆರೆ

ಮೊದಲ ನಾಲ್ಕು ಲಕ್ಷಣಗಳಿದ್ದಲ್ಲಿ ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು. ಉಗುರು ಹಳದಿಯಾಗಿ, ದಪ್ಪಗಾಗಿ, ಪುಡಿಪುಡಿಯಾಗುತ್ತಿದ್ದಲ್ಲಿ ಅದು ಶಿಲೀಂಧ್ರದ ಸೋಂಕಾಗಿರಬಹುದು. ಕಾಲಿನ ಉಗುರಿಗೆ ಇದರ ಮಾತ್ರೆಗಳನ್ನು ಸಾಮಾನ್ಯವಾಗಿ ಸುಮಾರು 12 ವಾರಗಳ ಕಾಲ ವೈದ್ಯರ ಸಲಹೆಯಂತೆ ಸೇವಿಸಬೇಕಾಗುತ್ತದೆ. ಉಗುರು ನಿಧಾನವಾಗಿ ಬೆಳೆಯುವುದರಿಂದ ಗುಣ ಕಾಣಲು ಮತ್ತಷ್ಟು ತಿಂಗಳುಗಳು ಬೇಕು. ಮಧ್ಯದಲ್ಲಿ ಔಷಧಿ ನಿಲ್ಲಿಸಬಾರದು.

ಸೌಲಭ್ಯ ಪಡೆಯುವ ವಿಧಾನ

30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಹಾಗೂ ಮಧುಮೇಹ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನಡೆಸಲಾಗುತ್ತದೆ. ಮಧುಮೇಹಿಗಳು ವರ್ಷಕ್ಕೆ ಒಮ್ಮೆಯಾದರೂ ಪಾದ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ. ಪಾದಕ್ಕೆ ನೈಲಾನ್ ಎಳೆಯೊಂದನ್ನು ಮೆಲ್ಲಗೆ ಒತ್ತಿ ಸ್ಪರ್ಶಜ್ಞಾನವನ್ನು ಪರೀಕ್ಷಿಸುವ ಈ ವಿಧಾನದಲ್ಲಿ ಯಾವುದೇ ನೋವಿರುವುದಿಲ್ಲ. ರಕ್ತ ಪರೀಕ್ಷೆಗೆಂದು ಬಂದವರು ಪಾದಗಳನ್ನೂ ತೋರಿಸಲು ಸಂಕೋಚಪಡಬೇಕಾಗಿಲ್ಲ. ಉಗುರಿನ ಬಣ್ಣ ವೈದ್ಯರಿಗೆ ಕಾಣುವಂತೆ ನೇಲ್ ಪಾಲಿಶ್ ಅಳಿಸಿ ಬರುವುದು ಸೂಕ್ತ.

ಬರುವಾಗ ಹಿಂದಿನ ಚಿಕಿತ್ಸಾ ಚೀಟಿ, ಸಕ್ಕರೆ ಪರೀಕ್ಷೆಯ ವರದಿ ಹಾಗೂ ಸೇವಿಸುತ್ತಿರುವ ಮಾತ್ರೆಗಳನ್ನು ತರತಕ್ಕದ್ದು. ಹೆಚ್ಚಿನ ಚಿಕಿತ್ಸೆ ಅಗತ್ಯವಾದಲ್ಲಿ ವೈದ್ಯರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತಾರೆ. ಒಳರೋಗಿಯಾಗಿ ದಾಖಲಾಗುವ ಸಂದರ್ಭದಲ್ಲಿ ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ಜೊತೆಗಿಟ್ಟುಕೊಂಡು, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ದೊರೆಯುವ ಬಗ್ಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ವಿಚಾರಿಸಬಹುದು.

ಪ್ರತಿ ರಾತ್ರಿ ಮಲಗುವ ಮುನ್ನ ಪಾದದ ಮೇಲ್ಭಾಗ, ಅಂಗಾಲು, ಬೆರಳ ಸಂದಿ ಮತ್ತು ಉಗುರಿನ ಅಂಚುಗಳನ್ನು ಪರೀಕ್ಷಿಸಿಕೊಳ್ಳಲು ಎರಡು ನಿಮಿಷ ಸಾಕು. ಅಂಗಾಲು ಕಾಣದಿದ್ದಲ್ಲಿ ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು. ಮಧುಮೇಹವಿರುವ ಎಲ್ಲರೂ ಈ ಅಭ್ಯಾಸವನ್ನು ರೂಢಿಸಿಕೊಳ್ಳಬೇಕೆಂದು ಹಾಗೂ ಮನೆಯವರು ಇದಕ್ಕೆ ಸಹಕರಿಸಬೇಕೆಂದು ಕೋರಲಾಗಿದೆ.